ಕಂಟಿನ್ಯುಟಿಗೆ ಬಿಟ್ಟ ಕೂದಲು

ನನ್ನ ಕೈಚೀಲದಲ್ಲಿ ಒಂದು ಬಾಚಣಿಗೆ ಇದೆ. ಹೆಂಗಸಿನ ಕೈಚೀಲದಲ್ಲಿ ಬಾಚಣಿಗೆ ಇರುವುದೂ ಒಂದು ಸುದ್ದಿಯೇ ಎಂದು ನೀವು ಕೇಳಬಹುದು. ಆದರೆ ಇದು ನನ್ನ ತಲೆಯದಲ್ಲ. ನನ್ನ ತಲೆಗೆ ಈಗ ಐದು ಬೆರಳೇ ಸಾಕು, ಅದರಲ್ಲೂ ಎರಡಕ್ಕೆ ಕೆಲಸವಿಲ್ಲ. ಇದು ಕೋಣದ ಕೊಂಬಿನಲ್ಲಿ ಮಾಡಿದ, ಅಗಲ ಹಲ್ಲಿನ, ಅಂಗೈ ಉದ್ದದ ಬಾಚಣಿಗೆ. ಎರಡು ಹಲ್ಲು ಮುರಿದಿವೆ. ಮೊನ್ನೆ ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಫ್ರೀ ಟಿಕೇಟಿಗೆಂದು ಆಧಾರ್ ಕಾರ್ಡ್ ಹುಡುಕಲು ಚೀಲಕ್ಕೆ ಕೈ ಹಾಕಿದೆ, ಮುರಿದ ಹಲ್ಲು ಬೆರಳಿಗೆ ಚುಚ್ಚಿತು. ಕಾರ್ಡಿನ ಬದಲು ಬಾಚಣಿಗೆ ಹಿಡಿದುಕೊಂಡು ಹಾಗೇ ಕುಳಿತುಬಿಟ್ಟೆ. ಕಂಡಕ್ಟರು ಬಾಚಣಿಗೆ ನೋಡಿದ, ನನ್ನ ತಲೆ ನೋಡಿದ, ಟಿಕೇಟು ಹರಿದುಕೊಟ್ಟು ಮುಂದಕ್ಕೆ ಹೋದ.

ಬಾಚಣಿಗೆ ನನ್ನ ಸೋದರಮಾವ ಮರಿಸ್ವಾಮಿಯದು. ಮಾವನಿಗೆ ಎಪ್ಪತ್ತು ದಾಟಿದೆ. ಹೆಮ್ಮಿಗೆಯಲ್ಲಿ ಎರಡೆಕರೆ ಭತ್ತದ ಗದ್ದೆ ಇದೆ, ಮೊಣಕಾಲಲ್ಲಿ ನೋವಿದೆ, ಮತ್ತು ಬೆನ್ನಿನ ಅರ್ಧಕ್ಕೆ ಇಳಿಯುವ ಬಿಳಿಯ ಕೂದಲಿದೆ. ಆ ಕೂದಲಿಗೆ ವಾರಸುದಾರರು ಇಬ್ಬರು. ಒಬ್ಬ ನಂಜನಗೂಡಿನ ನಂಜುಂಡಪ್ಪ. ಇನ್ನೊಬ್ಬರು ಒಬ್ಬ ಸಿನಿಮಾ ಡೈರೆಕ್ಟರು. ಇಬ್ಬರಿಗೂ ಮಾತು ಕೊಟ್ಟು ನಲವತ್ತು ವರ್ಷವಾಯಿತು, ಇಬ್ಬರಿಗೂ ಇನ್ನೂ ಒಂದೆಳೆ ಸಂದಿಲ್ಲ. ಈ ಬಾಚಣಿಗೆ ನನ್ನ ಚೀಲಕ್ಕೆ ಹೇಗೆ ಬಂತು ಎನ್ನುವುದನ್ನು ಹೇಳುತ್ತೇನೆ. ಸ್ವಲ್ಪ ತಡವಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ. ನಾವು ಕಾಯುವುದರಲ್ಲಿ ಪಳಗಿದ ಮನೆಯವರು.

ಮೊದಲು ದೇವರ ಪಾಲಿನ ಕಥೆ. ನನಗೆ ಹತ್ತು ವರ್ಷವಿದ್ದಾಗ ವಿಷಮಶೀತಜ್ವರ ಬಂತು. ನರಸೀಪುರದ ನಮ್ಮ ಮನೆಯ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದೆ. ನಾಲಿಗೆ ಮೇಲೆ ಬಿಳಿ ಪೊರೆ, ಬಾಯಿಗೆ ಬರೀ ಬಾರ್ಲಿ ಗಂಜಿ. ಆ ಗಂಜಿಯ ವಾಸನೆ ಇವತ್ತಿಗೂ ಯಾರ ಮನೆಯಲ್ಲಾದರೂ ಬಂದರೆ ನನಗೆ ಜ್ವರ ಬಂದ ಹಾಗಾಗುತ್ತದೆ. ಮಾವ ದಿನವೂ ಹೆಮ್ಮಿಗೆಯಿಂದ ಸೈಕಲ್ ತುಳಿದುಕೊಂಡು ಬಂದು ನನ್ನ ಕಾಲ ಬಳಿ ಕೂರುತ್ತಿದ್ದ. ಮಾವನಿಗೆ ಆಗ ಇಪ್ಪತ್ತೆಂಟೋ ಮೂವತ್ತೋ. ಅವನಿಗೆ ಪ್ರಾಣಕ್ಕಿಂತ ಹೆಚ್ಚಿನದು ತಲೆ. ತಲೆಯ ಒಳಗಿನದಲ್ಲ, ಮೇಲಿನದು. ವಾರಕ್ಕೊಮ್ಮೆ ನರಸೀಪುರದ ಸೆಲೂನಿಗೆ ಬಂದು ಕಿವಿ ಮುಚ್ಚುವ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿಕೊಳ್ಳುತ್ತಿದ್ದ. ಕನ್ನಡಿ ಸಿಗದಿದ್ದರೆ ಬಸ್ಸಿನ ಕಿಟಕಿ ಗಾಜಾದರೂ ಆಗುತ್ತಿತ್ತು.

ಒಂದು ದಿನ ಜ್ವರ ಮಿತಿಮೀರಿತು. ಡಾಕ್ಟರು ಅಮ್ಮನ ಮುಖ ನೋಡದೆ ಹೊರಟುಹೋದರಂತೆ. ಆಗ ಮಾವ ಎದ್ದು ನಿಂತು, ನಂಜನಗೂಡು ಯಾವ ದಿಕ್ಕಿಗಿದೆ ಎಂದು ಒಂದು ಗಳಿಗೆ ಯೋಚಿಸಿ, ಆ ಕಡೆಗೆ ಕೈಮುಗಿದು, "ಅಪ್ಪಾ ನಂಜುಂಡಪ್ಪಾ, ಈ ಮಗ ಉಳುದ್ರೆ ನನ್ ಮುಡಿ ನಿಂಗೆ ಕೊಡ್ತೀನಿ" ಎಂದನಂತೆ. ಮಗು ಉಳಿಯಿತು. ಅದರ ಸಾಕ್ಷಿಯಾಗಿ ಈಗ ಐವತ್ತು ದಾಟಿ, ರಕ್ತದೊತ್ತಡದ ಮಾತ್ರೆ ನುಂಗುತ್ತಾ ನಿಮ್ಮ ಮುಂದೆ ಹರಟೆ ಕೊಚ್ಚುತ್ತಿದ್ದೇನೆ.

ನಮ್ಮ ಕಡೆ ಮುಡಿಯ ಹರಕೆ ಹೊತ್ತರೆ, ಕೊಡುವ ದಿನದವರೆಗೂ ತಲೆಗೆ ಕತ್ತರಿ ತಾಗಿಸುವಂತಿಲ್ಲ. ಅದು ಆಗಲೇ ದೇವರ ವಸ್ತು, ನಮ್ಮ ತಲೆಯ ಮೇಲೆ ಇಟ್ಟಿರುತ್ತಾನೆ ಅಷ್ಟೆ. ಕಟಾವು ಮುಗಿದ ಮೇಲೆ ಹೋಗೋಣ ಎಂದುಕೊಂಡರು. ಅಷ್ಟರಲ್ಲಿ ಮನೆತನದಲ್ಲಿ ಒಂದು ಸಾವಾಗಿ ಸೂತಕ ಬಂತು. ಆಮೇಲೆ ಮಾವನ ಮದುವೆಯೇ ಗೊತ್ತಾಯಿತು, ಬೋಳು ತಲೆಯ ಗಂಡಿಗೆ ಬಾಸಿಂಗ ಕಟ್ಟಲಾಗುತ್ತದೆಯೇ? ಹಾಗೆ ಹಾಗೆ ಎರಡು ವರ್ಷ ಕಳೆಯಿತು. ಕೂದಲು ಕಿವಿ ದಾಟಿತು, ಕಾಲರ್ ದಾಟಿತು, ಭುಜಕ್ಕೆ ಬಂತು. ಮದುವೆಯಾಗಿ ಬಂದ ಗೌರತ್ತೆ ಮೊದಲ ವಾರವೇ ಓರಗಿತ್ತಿಯರ ಮುಂದೆ, "ಎಣ್ಣೆ ಬಾಟ್ಲಿ ನಮ್ಮನೇಲಿ ಎಲ್ರಿಗಿಂತ ಬೇಗ ಕಾಲಿಯಾಯ್ತದೆ ಕಣ್ರವ್ವ, ಇಬ್ರು ಎಂಗಸ್ರು ಇದೀವಲ್ಲ" ಎಂದಳಂತೆ.

ಈಗ ಡೈರೆಕ್ಟರ ಪಾಲಿನದು. ಆಗ ಹೆಮ್ಮಿಗೆಯ ಹತ್ತಿರ ಹೊಳೆ ದಾಟಲು ಹರಿಗೋಲೇ ಗತಿ. ಅಂಬಿಗನ ಕಥೆಯೊಂದನ್ನು ಚಿತ್ರ ಮಾಡಬೇಕೆಂದು ಆ ಡೈರೆಕ್ಟರು ಕಾವೇರಿಯ ದಡದುದ್ದಕ್ಕೂ ಊರು ನೋಡುತ್ತಾ ಬಂದಿದ್ದರು. ಅವರ ಹೆಸರು ಹೇಳುವುದಿಲ್ಲ, ಹೆಮ್ಮಿಗೆಯಲ್ಲಿ ಯಾರೂ ಹೆಸರು ಹೇಳಿ ಕರೆದವರಲ್ಲ. ಡೈರೆಕ್ಟ್ರು ಎಂದರೆ ಅವರೇ. ಊರಿನ ನಿಜವಾದ ಅಂಬಿಗ ಕೆಂಪ ಹುಟ್ಟಿದ್ದೇ ಹರಿಗೋಲಿನಲ್ಲಿ ಎನ್ನುವಂಥವನು. ಆದರೆ ಸಿನಿಮಾದವರು ಬರುತ್ತಾರೆಂದು ಕೇಳಿ ಹಿಂದಿನ ದಿನವಷ್ಟೇ ನರಸೀಪುರಕ್ಕೆ ಹೋಗಿ ನೀಟಾಗಿ ಕ್ರಾಪು ಹೊಡೆಸಿಕೊಂಡು ಬಂದಿದ್ದ. ಡೈರೆಕ್ಟರು ಅವನನ್ನು ನೋಡಿ, "ಇವರು ಬ್ಯಾಂಕ್ ಮ್ಯಾನೇಜರ್ ಥರ ಇದಾರಲ್ರೀ" ಎಂದರು. ತಿರುಗಿ ನೋಡಿದರೆ ಎದುರು ಜಗಲಿಯ ಮೇಲೆ ನಮ್ಮ ಮಾವ ಎಣ್ಣೆನೀರು ಹಾಕಿಕೊಂಡು ಬಿಸಿಲಿಗೆ ತಲೆಗೂದಲು ಹರಡಿ ಕೂತಿದ್ದಾನೆ. "ಇವರೇ" ಎಂದುಬಿಟ್ಟರು.

ಮಾವನಿಗೆ ಈಜು ಬಾರದು. ಈಜುವುದಿರಲಿ, ಹೊಳೆಯಲ್ಲಿ ಮೊಣಕಾಲಿನ ಮೇಲೆ ನೀರು ಬಂದರೆ ಅವನಿಗೆ ತಲೆ ತಿರುಗುತ್ತದೆ. ಹಾಗಾಗಿ ಕೆಂಪ ಹರಿಗೋಲಿನ ತಳದಲ್ಲಿ ಕಂಬಳಿ ಹೊದ್ದು ಕುಕ್ಕರಿಸಿ ಹುಟ್ಟು ಹಾಕುವುದು, ಮಾವ ಮೇಲೆ ನಿಂತು ಅಂಬಿಗನಾಗಿ ಗಾಳಿಗೆ ಕೂದಲು ಬಿಟ್ಟುಕೊಂಡು ದೂರ ನೋಡುವುದು ಎಂದಾಯಿತು. ಅವನು ಅಷ್ಟು ದೂರ ನೋಡಿದ್ದು ನೀರು ನೋಡಲು ಹೆದರಿ ಎನ್ನುವುದು ನಮಗೆಲ್ಲ ಗೊತ್ತಿತ್ತು. ಡೈರೆಕ್ಟರು ಮಾತ್ರ "ಆಹಾ, ಆ ಕಣ್ಣು" ಎನ್ನುತ್ತಿದ್ದರು. ಹೊಳೆಯ ಮೆಟ್ಟಿಲ ಮೇಲೆ ಜನ ಹರಿಗೋಲಿಗೆ ಕಾಯುವ ದೃಶ್ಯದಲ್ಲಿ ಅಮ್ಮ, ನಾನು, ಅತ್ತೆ ಎಲ್ಲರೂ ಇದ್ದೆವು. ಕ್ಯಾಮೆರಾ ಇದ್ದ ಕೋನದಿಂದ ನನ್ನದು ಎಡಮೊಣಕೈ ಮಾತ್ರ ಬಿದ್ದಿದೆ ಎಂದು ಅವರ ಸಹಾಯಕರು ಹೇಳಿದರು. ಶಾಲೆಯಲ್ಲಿ ಒಂದು ವರ್ಷ ನಾನು ಆ ಮೊಣಕೈಯನ್ನು ಬೆಂಚಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕೂರುತ್ತಿದ್ದೆ.

ಅಮ್ಮ ಮಾತ್ರ ಆ ದೃಶ್ಯವನ್ನು ಎರಡು ಸಲ ಕೆಡಿಸಿದಳು. ತನ್ನ ತಮ್ಮ ಅಂಬಿಗನ ವೇಷದಲ್ಲಿ ನಡುಗುತ್ತಾ ಬರುವುದನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು, ಕ್ಯಾಮೆರಾವನ್ನೇ ನೋಡುತ್ತಾ, ಭುಜ ಕುಲುಕಿಸಿ ನಕ್ಕಳು. ಮೂರನೆಯ ಸಲ ಡೈರೆಕ್ಟರು, "ನಗ್ಲಿ ಬಿಡ್ರಿ, ಚೆನ್ನಾಗಿದೆ" ಎಂದರು. ಅಮ್ಮನ ಫೋಟೊಗಳು ನಮ್ಮ ಮನೆಯಲ್ಲಿ ಆರೋ ಏಳೋ ಇವೆ. ಎಲ್ಲದರಲ್ಲೂ ರೇಷನ್ ಕಾರ್ಡಿಗೆ ತೆಗೆಸಿದ ಹಾಗೆ ಬಿಗಿದುಕೊಂಡು ನಿಂತಿದ್ದಾಳೆ. ಅವಳು ನಗುವುದು ಎಲ್ಲಾದರೂ ಉಳಿದಿದ್ದರೆ ಅದು ಆ ಚಿತ್ರದ ಡಬ್ಬಿಯೊಳಗಿನ ರೀಲಿನಲ್ಲಿ ಮಾತ್ರ. ಎಂಟು ವರ್ಷವಾಯಿತು ಅವಳು ಹೋಗಿ. ನನಗೆ ಆ ಚಿತ್ರ ನೋಡಬೇಕು. ಕಲೆ, ಪ್ರಶಸ್ತಿ ಎಲ್ಲ ದೊಡ್ಡವರಿಗಿರಲಿ, ನನಗೆ ಅಮ್ಮ ನಗುವುದನ್ನು ಒಂದು ಸಲ ನೋಡಬೇಕು.

ಚಿತ್ರದ ಕೊನೆಯಲ್ಲಿ ಅಂಬಿಗ ಹೊಳೆ ಬಿಟ್ಟು ಹೋಗುವ ಮುನ್ನ ನಂಜನಗೂಡಿಗೆ ಬಂದು, ಕಪಿಲೆಯ ದಡದಲ್ಲಿ ಮುಡಿ ಕೊಡುತ್ತಾನೆ. ಅದನ್ನು ಕೇಳಿದಾಗ ಮಾವನ ಮುಖ ಬೆಳಗಿತು. ಡೈರೆಕ್ಟರು, "ನಿಜವಾಗಿಯೇ ಬೋಳಿಸಬೇಕಾಗುತ್ತೆ, ಪರವಾಗಿಲ್ವಾ?" ಎಂದು ಹಿಂಜರಿಯುತ್ತಾ ಕೇಳಿದರೆ, ಮಾವ, "ಅಯ್ಯೋ, ಅದುಕ್ಕೇ ಅಲ್ವಾ ಸಾ ಬುಟ್ಟಿರೋದು!" ಎಂದ. ಒಂದೇ ಕತ್ತಿ, ಒಂದೇ ತಲೆ, ಹರಕೆಯೂ ಸಂದಿತು, ಸಿನಿಮಾವೂ ಮುಗಿಯಿತು. ಅಮ್ಮ ಸ್ವಲ್ಪ ಅನುಮಾನಪಟ್ಟಳು, ದೇವರ ಕೂದಲನ್ನು ನಾಟಕಕ್ಕೆ ಕೊಡಬಹುದೇ ಎಂದು. ಮಾವ ಅವಳಿಗೆ, "ಎರಡು ಕಿತ ಬೋಳುಸ್ಕೊಳ್ಳಾಕಾಯ್ತದಾ ಅಕ್ಕ? ಒಂದೇ ಕಿತ. ದೇವ್ರೂ ನೋಡ್ತಾನೆ, ಜನಾನೂ ನೋಡ್ತಾರೆ" ಎಂದು ಬಾಯಿ ಮುಚ್ಚಿಸಿದ.

ಒಂಬತ್ತು ದಿನ ಶೂಟಿಂಗ್ ನಡೆಯಿತು. ಹತ್ತನೆಯ ದಿನ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರು, ಹೊಳೆ ಮೆಟ್ಟಿಲು ಮುಳುಗಿಸಿತು. ಯೂನಿಟ್ಟಿನವರು ಸಾಮಾನು ವ್ಯಾನಿಗೆ ತುಂಬಿದರು. ಹೊರಡುವಾಗ ಡೈರೆಕ್ಟರು ಮಾವನ ಹೆಗಲ ಮೇಲೆ ಕೈಯಿಟ್ಟು, "ಹದಿನೈದು ದಿನದಲ್ಲಿ ಬರ್ತೀವಿ. ಮರಿಸ್ವಾಮಿ, ಕೂದಲು ಮಾತ್ರ ಮುಟ್ಟಬೇಡಿ. ಮುಂದಿನ ಶೂಟಿಂಗಿಗೂ ಎಲ್ಲ ಹೀಗೇ ಕಾಣಬೇಕು. ಕಂಟಿನ್ಯುಟಿ!" ಎಂದರು. ಅವರ ಸಹಾಯಕರು ಒಂದು ಬಸ್ ಟಿಕೇಟಿನ ಹಿಂದೆ ಅವರ ಮನೆಯ ವಿಳಾಸ ಬರೆದುಕೊಟ್ಟರು.

ಹದಿನೈದು ದಿನಕ್ಕೆಂದು ಹೇಳಿದ ಮಾತನ್ನು ನಲವತ್ತು ವರ್ಷ ಪಾಲಿಸಿದವರು ಇನ್ನೆಲ್ಲಾದರೂ ಇದ್ದಾರೆಯೇ ನನಗೆ ಗೊತ್ತಿಲ್ಲ. ಮಾವನಿಗೆ ಕಂಟಿನ್ಯುಟಿ ಎಂಬ ಮಾತು ಹರಕೆಯಂಥದ್ದೇ ಇನ್ನೊಂದು ಕಟ್ಟು ಎನಿಸಿತು. ಕಟ್ಟಿದವರೇ ಬಿಡಿಸುವವರೆಗೆ ತಾನಾಗಿ ಬಿಡಿಸಿಕೊಳ್ಳುವಂತಿಲ್ಲ. ಕೂದಲಷ್ಟೇ ಅಲ್ಲ. ಒಂದು ದೃಶ್ಯದಲ್ಲಿ ಮನೆಯ ಮುಂದಿನ ನೀಲಿ ಗೋಡೆ ಬಂದಿತ್ತೆಂದು ಹನ್ನೊಂದು ಯುಗಾದಿ ಆ ಗೋಡೆಗೆ ಸುಣ್ಣ ಬಳಿಯಗೊಡಲಿಲ್ಲ. ಅತ್ತೆ ಬಕೆಟ್ಟು ಹಿಡಿದು ಬಂದಾಗಲೆಲ್ಲ, "ಏಯ್, ಕಂಟಿನ್ಯುಟಿ ಕಣೇ!" ಎಂದು ಅಡ್ಡ ನಿಲ್ಲುತ್ತಿದ್ದ. ಕೊನೆಗೆ ಒಂದು ಮಳೆಗಾಲದಲ್ಲಿ ಗೋಡೆಯೇ ಬಿದ್ದು ಅತ್ತೆಯನ್ನು ಗೆಲ್ಲಿಸಿತು. ಹೆಮ್ಮಿಗೆಯಲ್ಲಿ ಈಗಲೂ ಯಾರಾದರೂ ಹಳೇ ಅಂಗಿಯನ್ನೇ ಹಾಕಿಕೊಂಡು ತಿರುಗಿದರೆ, "ಏನ್ಲಾ, ಕಂಟಿನ್ಯುಟಿಯಾ?" ಎಂದು ಕೇಳುತ್ತಾರೆ.

ಇತ್ತ ನನ್ನ ಬದುಕಿನಲ್ಲಿ ಏನೇ ಎಡವಟ್ಟಾದರೂ ಅಮ್ಮ ಅದನ್ನು ಮಾವನ ತಲೆಗೆ ಕಟ್ಟುತ್ತಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿತು: ಹರಕೆ ಸಂದಿಲ್ಲ. ನೋಡಲು ಬಂದ ಮೂರು ಗಂಡುಗಳು ಉಪ್ಪಿಟ್ಟು ತಿಂದು ಹೋಗಿ ಸುಮ್ಮನಾದರು: ಹರಕೆ ಸಂದಿಲ್ಲ. ನಾಲ್ಕನೆಯವರು ಒಪ್ಪಿ ನಾನು ನಂಜನಗೂಡಿನ ಸೊಸೆಯಾದೆ. ದೇವರ ಊರಿಗೇ ಬಂದದ್ದರಿಂದ ನಂಜುಂಡಪ್ಪ ಒತ್ತೆಗೆ ನನ್ನನ್ನೇ ಇಟ್ಟುಕೊಂಡ ಎಂದು ಅಮ್ಮ ನಂಬಿದ್ದಳು. ಅವಳು ಮಾವನ ಮನೆಗೆ ಹೋದಾಗಲೆಲ್ಲ, "ಲೋ, ನನ್ ಮಗಳ ತಲೆ ಮ್ಯಾಗ್ಲ ಭಾರ ಇಳ್ಸೋ" ಎಂದು ಬೇಡುತ್ತಿದ್ದಳು. ಮಾವನದು ಒಂದೇ ಉತ್ತರ, "ಈ ಯುಗಾದಿಗೆ ಬತ್ತಾರಂತೆ ಕಣಕ್ಕ."

ಯುಗಾದಿಗೆ ನಿಜವಾಗಿಯೂ ಡೈರೆಕ್ಟರು ಬರುತ್ತಿದ್ದರು, ಪತ್ರಿಕೆಯಲ್ಲಿ. ನಡುವೆ ಅವರು ಬೇರೆ ಚಿತ್ರಗಳನ್ನು ಮಾಡಿದರು, ಒಳ್ಳೆಯ ಹೆಸರೂ ಬಂತು. ಮೈಸೂರಿಗೆ ಹೋಗಿ ನಾವೆಲ್ಲ ನೋಡಿ ಬಂದೆವು. ಮಾವ ಪ್ರತಿ ದೃಶ್ಯದಲ್ಲೂ ತನ್ನನ್ನು ಹುಡುಕುತ್ತಿದ್ದ. ಕಳೆದ ಹದಿನೈದು ವರ್ಷದಿಂದ ಅದೂ ಇಲ್ಲ. ಆದರೆ ಪ್ರತಿ ಯುಗಾದಿಯ ಆಸುಪಾಸಿಗೆ ಒಂದು ಸಂದರ್ಶನ ಇರುತ್ತದೆ: ಹಿರಿಯ ನಿರ್ದೇಶಕರ ಕೈಯಲ್ಲಿ ಮೂರು ಚಿತ್ರ. ಮೊದಲ ಎರಡು ಬದಲಾಗುತ್ತಿರುತ್ತವೆ. ಒಂದು ವರ್ಷ ಮಕ್ಕಳ ಚಿತ್ರ, ಒಂದು ವರ್ಷ ಯಾರೂ ಮಾತನ್ನೇ ಆಡದ ಚಿತ್ರ, ಇನ್ನೊಂದು ವರ್ಷ ಆನೆಯದು. ಮೂರನೆಯದು ಮಾತ್ರ ಬದಲಾಗುವುದಿಲ್ಲ: "ಅರ್ಧಕ್ಕೆ ನಿಂತಿರುವ ಅಂಬಿಗನ ಚಿತ್ರವನ್ನು ಪೂರ್ಣಗೊಳಿಸಲಿದ್ದೇನೆ."

ನಾನು ನರಸೀಪುರದ ಅಂಚೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ವರ್ಷ, ಆ ಸುದ್ದಿ ಓದಿ, ಬಸ್ ಟಿಕೇಟಿನ ಹಿಂದಿದ್ದ ವಿಳಾಸಕ್ಕೆ ಒಂದು ಕಾರ್ಡು ಹಾಕಿದೆ. "ಮಾನ್ಯರೇ, ಸುದ್ದಿ ಓದಿ ಸಂತೋಷವಾಯಿತು. ಮಾವನ ಕೂದಲು ಹಾಗೇ ಇದೆ. ತಾವು ಯಾವಾಗ ಬರುವಿರಿ?" ಉತ್ತರ ಬರಲಿಲ್ಲ. ಮರುವರ್ಷ ಯುಗಾದಿಗೆ ಎರಡು ವಾರ ಮುಂಚೆಯೇ ಹಾಕಿದೆ, ನೆನಪಿಸಿದ ಹಾಗಾಗಲಿ ಎಂದು. ಆಮೇಲೆ ಅದೇ ರೂಢಿಯಾಯಿತು. ನನ್ನ ಕೈಯಿಂದಲೇ ಮುದ್ರೆ ಒತ್ತಿ ಚೀಲಕ್ಕೆ ಹಾಕುತ್ತಿದ್ದೆ. ಊರವರ ಕಾಗದಗಳೆಲ್ಲ ಸರಿಯಾಗಿ ತಲುಪುತ್ತಿದ್ದವು, ನನ್ನದು ಮಾತ್ರ ಯಾವುದೋ ಬಾವಿಗೆ ಬೀಳುತ್ತಿದೆ ಎನಿಸುತ್ತಿತ್ತು. ಜನ ಕಾಗದ ಬರೆಯುವುದನ್ನೇ ಬಿಟ್ಟರು. ಕಾರ್ಡು ಕೊಳ್ಳುವವರು ನಮ್ಮ ಕೌಂಟರಿಗೆ ಅಪರೂಪವಾದರು. ನಾನು ಬರೆಯುತ್ತಲೇ ಇದ್ದೆ. ಒಂದು ವರ್ಷ ಮಾತ್ರ ಬರೆಯಲಿಲ್ಲ, ಅಮ್ಮ ತೀರಿಕೊಂಡ ವರ್ಷ.

ಕಳೆದ ತಿಂಗಳು ಡೈರೆಕ್ಟರು ನರಸೀಪುರಕ್ಕೇ ಬಂದರು. ಯಾವುದೋ ಕಾಲೇಜಿನ ಸಮಾರಂಭ. ಮಧ್ಯಾಹ್ನದ ಊಟವಾದ ಮೇಲೆ ಹೊಳೆಯ ಪಕ್ಕದ ಪ್ರವಾಸಿ ಮಂದಿರದಲ್ಲಿ ವಿಶ್ರಾಂತಿಗೆ ಇರುತ್ತಾರೆಂದು ತಿಳಿಯಿತು. ನಾನು ಅರ್ಧ ದಿನ ರಜೆ ಹಾಕಿದೆ. ಹೆಮ್ಮಿಗೆಯಿಂದ ಮಾವ, ಅತ್ತೆ ಬಂದರು. ಮಾವ ಬಿಳಿ ಪಂಚೆ, ಇಸ್ತ್ರಿ ಅಂಗಿ, ತಲೆಗೆ ಟವೆಲ್ ಸುತ್ತಿಕೊಂಡಿದ್ದ. ಬೆಳಿಗ್ಗೆ ಎದ್ದು ಅತ್ತೆಯ ಕೈಯಲ್ಲಿ ಕೂದಲಿಗೆ ಕಪ್ಪು ಬಣ್ಣ ಹಚ್ಚಿಸಿಕೊಳ್ಳಲು ಹೊರಟಿದ್ದನಂತೆ. ಅತ್ತೆ, "ಅಷ್ಟುದ್ದ ತಲೆಗೆ ನಾಕು ಪಾಕೀಟು ಬೇಕು, ಒಸಿ ಸುಮ್ಕಿರಿ" ಎಂದು ಗದರಿದಳಂತೆ.

ಡೈರೆಕ್ಟರು ವರಾಂಡದ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. ಎಂಬತ್ತು ದಾಟಿದ ದೇಹ. ಕೈಯಲ್ಲಿ ಊರುಗೋಲು. ನಾನು ನಮಸ್ಕಾರ ಮಾಡಿ ಹೇಳಿಕೊಳ್ಳುವ ಮೊದಲೇ ಮಾವ ಟವೆಲ್ ಬಿಚ್ಚಿ, ಗಂಟು ಸಡಿಲಿಸಿ, ಕೂದಲು ಇಳಿಬಿಟ್ಟು ನಿಂತುಬಿಟ್ಟ. ಡೈರೆಕ್ಟರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಸ್ವಲ್ಪ ಎಡಕ್ಕೆ ತಿರುಗಿ" ಎಂದರು. ಮಾವ ತಿರುಗಿದ. ವರಾಂಡದ ಆಚೆ ಕಪಿಲೆ ಕಾವೇರಿಗೆ ಸೇರುವುದು ಕಾಣುತ್ತಿತ್ತು. ಮಾವ ನೀರಿನ ಕಡೆ ನೋಡದೆ ದೂರ ನೋಡಿದ.

"ಹರಿಗೋಲು" ಎಂದರು ಡೈರೆಕ್ಟರು. "ನೀವು ಮರಿಸ್ವಾಮಿ. ಯಾಕ್ರೀ, ಇದನ್ನ ಇನ್ನೂ ಇಟ್ಕೊಂಡಿದೀರಿ?"

"ನೀವೇ ಯೋಳಿದ್ರಲ್ಲ ಸಾ, ಕಂಟಿನ್ಯುಟಿ ಅಂತ. ಒಸಿ ಬೆಳ್ಳಗಾಗದೆ, ಬಣ್ಣ ಅಚ್ಚುದ್ರಾಯ್ತು."

ಡೈರೆಕ್ಟರು ನನ್ನ ಕಡೆ ತಿರುಗಿದರು. "ಹಾಗಾದರೆ ಆ ಕಾರ್ಡು ಬರೆಯೋರು ನೀವೇನಮ್ಮ? ಮಾವನ ಕೂದಲು ಹಾಗೇ ಇದೆ ಅಂತ?"

ತಲೆಯಾಡಿಸಿದೆ. ಅಷ್ಟು ವರ್ಷದ ಕಾರ್ಡುಗಳು ಬಾವಿಗೆ ಬಿದ್ದಿರಲಿಲ್ಲ.

"ಎಲ್ಲಾ ಇಟ್ಟಿದೀನಿ," ಎಂದರು. "ನಾನು ಅದನ್ನ ಒಂದು ಮಾತಿನ ಚಂದ ಅಂದುಕೊಂಡಿದ್ದೆ. ನಿಜವಾಗಿ ತಲೆ ಮೇಲೆ ಇದೆ ಅಂತ ಗೊತ್ತಿರಲಿಲ್ಲ. ಆ ಕಾರ್ಡು ಬಂದಾಗ ಪರವಾಗಿಲ್ಲ, ಒಬ್ಬರಾದರೂ ಕಾಯ್ತಾ ಇದಾರೆ ಅನ್ನಿಸೋದು. ಅದಾದ ಮೇಲೆ ಪತ್ರಿಕೆಯವರು ಬಂದು ಕೇಳಿದರೆ ಧೈರ್ಯವಾಗಿ ಮೂರು ಚಿತ್ರ ಅಂತ ಹೇಳಿಬಿಡ್ತಿದ್ದೆ. ಒಂದು ವರ್ಷ ಕಾರ್ಡು ಬರಲಿಲ್ಲ. ಆ ವರ್ಷ ನಾನು ಯಾರಿಗೂ ಏನೂ ಹೇಳಲಿಲ್ಲ."

ನೆನೆಸಿಕೊಂಡೆ. ಹೌದು, ಅಮ್ಮ ಹೋದ ವರ್ಷ ಯುಗಾದಿಗೆ ಸಂದರ್ಶನ ಇರಲಿಲ್ಲ. ದುಃಖದಲ್ಲಿ ನಾನೇ ಓದದೆ ಬಿಟ್ಟಿರಬೇಕು ಎಂದುಕೊಂಡಿದ್ದೆ. ಅಂದರೆ ಇಷ್ಟು ವರ್ಷ ಅವರ ಸುದ್ದಿ ನೋಡಿ ನಾವು ಕಾಯುತ್ತಿದ್ದೆವು, ನಮ್ಮ ಕಾರ್ಡು ನೋಡಿ ಅವರು ಸುದ್ದಿ ಕೊಡುತ್ತಿದ್ದರು.

ಹರಕೆಯ ವಿಷಯವನ್ನು ಅತ್ತೆ ಹೇಳಿದಳು. ಕೇಳಿದ ಡೈರೆಕ್ಟರು ಕೋಲನ್ನು ಗೋಡೆಗೊರಗಿಸಿ, ಎರಡೂ ಕೈ ಜೋಡಿಸಿಬಿಟ್ಟರು. "ಅಯ್ಯೋ, ದೇವರದ್ದನ್ನ ಹಿಡಿದಿಟ್ಟುಬಿಟ್ಟೆನಲ್ಲ ನಾನು. ಕೊಟ್ಟುಬಿಡಿ ಮರಿಸ್ವಾಮಿ. ಆ ಚಿತ್ರ ಇನ್ನು ಆಗೋದಿಲ್ಲ. ಕಾಲು ನಿಲ್ಲೋದಿಲ್ಲ ನನಗೆ. ನಿಮ್ಮನ್ನ ಬಿಟ್ಟಿದೀನಿ, ಹೋಗಿ ಮುಡಿ ಕೊಟ್ಟುಬಿಡಿ." ನಾನು ಧೈರ್ಯ ಮಾಡಿ ರೀಲಿನ ವಿಷಯ ಕೇಳಿದೆ. ಡಬ್ಬಿಗಳು ಮನೆಯಲ್ಲೇ ಇವೆ, ಚಿತ್ರ ಮುಗಿಸುವ ದಿನ ತೆಗೆಯುತ್ತೇನೆಂದು ಇಟ್ಟಿದ್ದೆ ಎಂದರು. ಚಿತ್ರ ಮುಗಿಯದೆ ಆ ಡಬ್ಬಿ ತೆರೆಯುವುದಿಲ್ಲ ಎಂದು ನನಗೆ ಅರ್ಥವಾಯಿತು.

ಹೊರಗೆ ಬಂದಾಗ ಅತ್ತೆಗೆ ನಿರಾಳ. ನಲವತ್ತು ವರ್ಷದ ಕಟ್ಟನ್ನು ಕಟ್ಟಿದವರೇ ಬಿಡಿಸಿದ್ದಾರೆ. ಬರುವ ಸೋಮವಾರವೇ ನಂಜನಗೂಡು ಎಂದು ಗೊತ್ತುಮಾಡಿದಳು. ನಾನೂ ಹೂಂ ಎಂದೆ. ಅಮ್ಮ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದಳು. ಮಾವ ಟವೆಲ್ ಸುತ್ತಿಕೊಳ್ಳುವುದನ್ನೂ ಮರೆತು ಹೊಳೆಯ ಮೆಟ್ಟಿಲ ಮೇಲೆ ನಿಂತಿದ್ದ.

ಸೋಮವಾರ ನಂಜನಗೂಡಿನ ನಮ್ಮ ಮನೆಯಿಂದಲೇ ಹೊರಟೆವು. ಕಪಿಲೆಯಲ್ಲಿ ಸ್ನಾನ ಮುಗಿಸಿ, ಮುಡಿ ಕೊಡುವ ಕಡೆಗೆ ಹೋಗಿ ಚೀಟಿ ತೆಗೆದುಕೊಂಡೆ. ಅತ್ತೆ ಈ ಕೊಂಬಿನ ಬಾಚಣಿಗೆಯಿಂದ ಕೊನೆಯ ಸಲ ಎಂದು ಮಾವನ ತಲೆ ಬಾಚಿ ಸಿಕ್ಕು ಬಿಡಿಸಿದಳು. ಅಷ್ಟು ವರ್ಷ ಬೈದ ಕೂದಲನ್ನು ಎರಡು ಸಲ, ಮೂರು ಸಲ ಬಾಚಿದಳು. ಕ್ಷೌರದವನು ನಡುವಯಸ್ಸಿನವನು. ಮಾವನ ಕೂದಲು ಕಂಡು, "ಯಜಮಾನ್ರೆ, ಇಂಥ ಮುಡಿ ನಾನು ತಗ್ದೇ ಇಲ್ಲ ಕಣ್ರೀ" ಎಂದು ಸಂಭ್ರಮದಿಂದ ನೀರು ಚಿಮುಕಿಸಿ ತಲೆಯೆಲ್ಲ ನೆನೆಸಿದ. ಹೊಸ ಬ್ಲೇಡು ಮುರಿದು ಕತ್ತಿಗೆ ಹಾಕಿದ. ಮಾವ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದ. ಕತ್ತಿ ಹಣೆಯ ಹತ್ತಿರ ಬಂತು.

"ಒಸಿ ತಡಿ" ಎಂದ ಮಾವ. ಕಣ್ಣು ಬಿಟ್ಟು ನನ್ನನ್ನು ಕರೆದ. "ಮಗಾ, ಬಾ ಇಲ್ಲಿ. ನಾನು ಬೋಳುಸ್ಕೊಂಡ್ ಮ್ಯಾಕೆ ಅವ್ರಿಗೆ ಏನಂತ ಕಾಗ್ದ ಬರೀತಿಯಾ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. "ಏನಿದೆ ಮಾವ ಬರೆಯೋಕೆ?"

"ಅದೇ ನೋಡು. ಕಾಗ್ದ ಓಗಾಕಿಲ್ಲ. ಕಾಗ್ದ ಓಗ್ದಿದ್ರೆ ಅವ್ರು ಮೂರು ಸಿನಿಮಾ ಅಂತ ಯೋಳಾಕಿಲ್ಲ. ಯೋಳ್ದಿದ್ರೆ ಅವ್ರು ಮನೇಲಿ ಸುಮ್ಕೆ ಕುಂತ್ಕಂಡು ಏನ್ ಮಾಡ್ತಾರೆ ಯೋಳು?"

"ಅವ್ರೇ ಬುಟ್ಟಿದೀನಿ ಅಂದ್ರಲ್ಲಾ!" ಎಂದಳು ಅತ್ತೆ.

"ಅವ್ರು ಬುಟ್ರು ಕಣೇ. ನಾನು ಬುಟ್ನಾ?" ಎಂದು ಮಾವ ಒದ್ದೆ ತಲೆಯಲ್ಲೇ ಎದ್ದು ನಿಂತ. ಕ್ಷೌರದವನು ಕತ್ತಿ ಹಿಡಿದು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವನೂ ಧರ್ಮಸಂಕಟಕ್ಕೆ ಬಿದ್ದು, "ಬಂದಿದ್ದಕ್ಕೆ ಮೂರು ಕತ್ತರಿ ಕೂದ್ಲಾದ್ರೂ ಕೊಡಿ ಯಜಮಾನ್ರೆ, ಎಂಗಸ್ರು ಅಂಗೇ ಕೊಡೋದು, ದೇವ್ರು ಒಪ್ಕೋತಾನೆ" ಎಂದು ದಾರಿ ತೋರಿಸಿದ.

"ಒಂದು ಕತ್ತರೀನೂ ಬ್ಯಾಡ," ಎಂದ ಮಾವ. "ಕಂಟಿನ್ಯುಟಿ ಕೆಡ್ತದೆ."

ಅತ್ತೆ ತಲೆ ಚಚ್ಚಿಕೊಂಡಳು. ನನಗೆ ಒಂದು ಕಡೆ ಸಿಟ್ಟು, ಒಂದು ಕಡೆ ಏನೆಂದು ಹೇಳಲಾರದ ಸಂತೋಷ. ನಿಜ ಹೇಳುತ್ತೇನೆ, ಕತ್ತಿ ಹಣೆಗೆ ಬಂದಾಗ ನನಗೂ ತಡೆಯಬೇಕೆನಿಸಿತ್ತು. ಆ ಕೂದಲು ಬಿದ್ದರೆ ಅಂಬಿಗ ಹೋದ, ಹರಿಗೋಲು ಹೋಯಿತು, ಮೆಟ್ಟಿಲ ಮೇಲೆ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿರುವ ಅಮ್ಮನೂ ಡಬ್ಬಿಯೊಳಗೇ ಉಳಿದಳು. ಆದರೂ ಹಿರಿಯರ ಬಾಯಲ್ಲಿ ಕೇಳಿ ಬೆಳೆದ ಭಯ ಎಲ್ಲಿ ಹೋಗುತ್ತದೆ? "ಮಾವ, ದೇವರಿಗೆ ಏನು ಹೇಳೋದು?" ಎಂದು ಕೇಳಿದೆ.

ಮಾವ ಗೋಪುರದ ಕಡೆ ನೋಡಿದ. ಈ ಸಲ ದಿಕ್ಕು ಹುಡುಕುವ ಕಷ್ಟವಿರಲಿಲ್ಲ. "ನಂಜುಂಡಪ್ಪ ಎಲ್ಲಿಗೂ ಓಗಾಕಿಲ್ಲ ಕಣವ್ವ. ಅವನ್ಗೇನು ವಯಸ್ಸಾಯ್ತದಾ? ಇನ್ನೂ ಒಸಿ ದಿನ ಕಾಯ್ತಾನೆ. ಪಾಪ, ಡೈರೆಕ್ಟ್ರು ಕಾಯಾಕಾಯ್ತದಾ?"

ಒಳಗೆ ಹೋಗಿ ದರ್ಶನ ಮಾಡಿಕೊಂಡು ಬಂದೆವು. ಒದ್ದೆ ಕೂದಲಿನಿಂದ ನೀರು ತೊಟ್ಟಿಕ್ಕುತ್ತಾ ಮಾವ ಗರ್ಭಗುಡಿಯ ಮುಂದೆ ಬಹಳ ಹೊತ್ತು ನಿಂತು ಏನೋ ಹೇಳಿಕೊಳ್ಳುತ್ತಿದ್ದ. ಅವನು ಹೇಳಿದ್ದೇನು, ದೇವರು ಒಪ್ಪಿದ್ದೇನು, ನನಗೆ ಗೊತ್ತಿಲ್ಲ. ಅವರನ್ನು ಬಿಟ್ಟುಬರಲು ನಾನೂ ಹೊರಟೆ. ನರಸೀಪುರದ ಬಸ್ಸಿನಲ್ಲಿ ನ್ಯಾಯವಾಗಿ ಸಿಟ್ಟಾಗಿದ್ದ ಅತ್ತೆ ಮುಂದಿನ ಸೀಟಿನಲ್ಲಿ ಹೋಗಿ ಕೂತಳು. ಬಾಚಣಿಗೆ ನನ್ನ ಕೈಗೆ ಬಂತು. ಕಿಟಕಿಯ ಗಾಳಿಗೆ ಮಾವನ ಕೂದಲು ಒಣಗುತ್ತಾ ನನ್ನ ಮುಖಕ್ಕೆಲ್ಲ ಹೊಡೆಯುತ್ತಿತ್ತು. ದಾರಿಯುದ್ದಕ್ಕೂ ಎಡಗಡೆಗೆ ಆಗಾಗ ಕಪಿಲೆ ಕಾಣುತ್ತಿತ್ತು, ನಮಗಿಂತ ನಿಧಾನವಾಗಿ ಅದೂ ನರಸೀಪುರಕ್ಕೇ ಹೊರಟಿತ್ತು. ನಾನು ಸಿಕ್ಕು ಬಿಡಿಸಿ, ಬಾಚಿ, ಗಂಟು ಕಟ್ಟಿ, ಟವೆಲ್ ಸುತ್ತಿದೆ. ಮಾವ ಸಣ್ಣ ಮಗುವಿನ ಹಾಗೆ ತಲೆ ಕೊಟ್ಟು ಕೂತಿದ್ದ. ಬಾಚಣಿಗೆ ಚೀಲದಲ್ಲೇ ಉಳಿಯಿತು.

ಮೊನ್ನೆ ಬಸ್ಸಿನಲ್ಲಿ ಬೆರಳಿಗೆ ಚುಚ್ಚಿದಾಗ ಯುಗಾದಿಗೆ ಇನ್ನೂ ಮೂರು ತಿಂಗಳಿತ್ತು. ಕಾರ್ಡು ಹಾಕಲು ಅಷ್ಟು ದಿನ ಕಾಯಬೇಕೆನಿಸಲಿಲ್ಲ. ಕಚೇರಿಗೆ ಹೋದವಳೇ ಕೌಂಟರ್ ತೆಗೆಯುವ ಮೊದಲು ಒಂದು ಕಾರ್ಡು ತೆಗೆದುಕೊಂಡು ಬರೆದೆ, ನನ್ನ ಕೈಯಿಂದಲೇ ಮುದ್ರೆ ಒತ್ತಿದೆ.

"ಮಾನ್ಯರೇ, ನಂಜನಗೂಡಿಗೆ ಹೋಗಿ ಬಂದೆವು. ಮಾವನ ಕೂದಲು ಹಾಗೇ ಇದೆ. ತಾವು ಯಾವಾಗ ಬರುವಿರಿ?"